ರಸೀದಿಯ ಎರಡನೇ ಪ್ರತಿ

ಜನವರಿ ೧೯

ಮರಿ,

ನಿನ್ನೆ ಸಂಜೆ ಇಲ್ಲಿಗೆ ಬಂದು ತಲುಪಿದೆ. ಫೋನ್ ಮಾಡಲಿಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ ಎಂದು ಕೇಳಿ ಮುಗಿಸುವಷ್ಟರಲ್ಲಿ ವಾದಕ್ಕೆ ಬಿದ್ದಿರುತ್ತೇವೆ. ಕಾಗದದಲ್ಲಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಲೇಬೇಕು.

ಇದು ನನ್ನ ಕೊನೆಯ ಆಡಿಟ್. ಜೂನ್ ಕೊನೆಗೆ ನಿವೃತ್ತಿ. ಬಂದರು, ಆಸ್ಪತ್ರೆ, ನೀರು ಸರಬರಾಜು ಎಂದು ಇಷ್ಟು ವರ್ಷ ಸುತ್ತಿಸಿದವರು ಕೊನೆಗೆ ಸರ್ಕಾರಿ ವಕೀಲರ ಕಚೇರಿಗೆ ಕಳಿಸಿದ್ದಾರೆ. ನಿನ್ನದರಂಥದೇ ಕಚೇರಿ, ಊರು ಮಾತ್ರ ಬೇರೆ. ಹಣ ಹೋಗಿದೆ ಎಂದು ಯಾರೂ ದೂರು ಕೊಟ್ಟಿಲ್ಲ. ಹೋಗದ ಹಾಗೆ ಏರ್ಪಾಡು ಇದೆಯೇ ಎಂದು ನೋಡಿ ವರದಿ ಬರೆಯುವುದಷ್ಟೇ ಕೆಲಸ.

ಕೋರ್ಟು ಕಟ್ಟಡದ ಮೇಲಿನ ಮಹಡಿ. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಒಂದು ಬೀರು ಇಟ್ಟಿದ್ದಾರೆ. ಅದು ಕೆಟ್ಟು ಎಷ್ಟು ಕಾಲವಾಯಿತೆಂದು ಬೀರುವಿನ ಮೇಲಿನ ಧೂಳನ್ನೇ ಕೇಳಬೇಕು. ನನ್ನ ಮಂಡಿಯ ಸಮಾಚಾರ ನಿನಗೆ ಗೊತ್ತು. ಏದುಸಿರು ಬಿಡುತ್ತಾ ಮೇಲೆ ಹೋದರೆ ಅಲ್ಲಿನ ದೊಡ್ಡ ವಕೀಲರು ಕುರ್ಚಿಯಿಂದ ಎದ್ದು, "ಬನ್ನಿ ಮೇಡಂ, ಬನ್ನಿ. ಊರಿನ ಕಳ್ಳರನ್ನೆಲ್ಲ ನಾವು ನೋಡ್ಕೋತಿದ್ವಿ, ನಮ್ಮನ್ನ ನೋಡ್ಕೊಳ್ಳೋಕೆ ನೀವು ಬಂದ್ರಾ?" ಎಂದು ನಕ್ಕರು. ಈ ಮಾತನ್ನು ಪ್ರತಿ ಕಚೇರಿಯಲ್ಲೂ ಯಾರಾದರೂ ಒಬ್ಬರು ಹೇಳುತ್ತಾರೆ. ನಾನೂ ಪ್ರತಿ ಸಲ ನಗುತ್ತೇನೆ.

ತಿಜೋರಿಗೆ ಎರಡು ಬೀಗ. ಒಂದರ ಕೀಲಿ ಖಜಾಂಚಿಯ ಹತ್ತಿರ, ಇನ್ನೊಂದರದು ದೊಡ್ಡ ವಕೀಲರ ಹತ್ತಿರ ಇರಬೇಕು. ಒಬ್ಬರೇ ತೆಗೆಯಲು ಆಗಬಾರದು ಎಂದೇ ಈ ವ್ಯವಸ್ಥೆ. "ತೆಗೆದು ತೋರಿಸಿ" ಎಂದೆ. ಖಜಾಂಚಿ ಎದ್ದರು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ, ನಡೆಯುವಾಗಲೂ ಮಾತಾಡುವ ಮನುಷ್ಯ. ಬಾಗಿಲ ಹಿಂದಕ್ಕೆ ಕೈಹಾಕಿ ಒಂದೇ ಮೊಳೆಯಿಂದ ಎರಡು ಕೀಲಿಗಳನ್ನೂ ತೆಗೆದರು!

ನನ್ನ ಜೊತೆಗಾರ (ಬಿಸಿನೀರು ಬಿಟ್ಟು ಬೇರೇನೂ ಕುಡಿಯದವನು) ಫ್ಲಾಸ್ಕಿನೊಳಗೇ ನಕ್ಕುಬಿಟ್ಟ.

"ಸಾಹೇಬ್ರು ಇಡೀ ದಿನ ಕೆಳಗಡೆ ಕೋರ್ಟಲ್ಲಿ ನಿಂತಿರ್ತಾರೆ. ಬೀಗ ತೆಗೀಬೇಕು ಬನ್ನಿ ಅಂತ ವಾದದ ಮಧ್ಯ ಕರೆಯೋಕಾಗುತ್ತಾ ಮೇಡಂ?" ಎಂದರು ಖಜಾಂಚಿ. ಅವರ ಮುಖದಲ್ಲಿ ತಪ್ಪಿತಸ್ಥರ ಕಳೆ ಒಂದಿಷ್ಟೂ ಇರಲಿಲ್ಲ.

ನಿನ್ನ ಬಾಗಿಲ ಕೇಸು ಎಲ್ಲಿಗೆ ಬಂತು? ನಿದ್ದೆ ಮಾಡುತ್ತಿದ್ದೀಯಾ?

ಲಾಡ್ಜಿನ ಕೋಣೆಯಿಂದ,
ಅಮ್ಮ


ಫೆಬ್ರವರಿ ೨

ಅಮ್ಮ,

ನಮ್ಮ ಕಚೇರಿಯಲ್ಲಿ ಮೊಳೆಯೂ ಇಲ್ಲ. ಎರಡು ಕೀಲಿಗಳೂ ಕ್ಯಾಷಿಯರ್ ಡ್ರಾಯರಿನಲ್ಲಿವೆ, ಡ್ರಾಯರಿಗೆ ಬೀಗ ಇಲ್ಲ. ಈ ಸಾಲನ್ನು ನೀನು ಓದಿಲ್ಲ.

ನಿದ್ದೆಯ ವಿಷಯ ಬಿಡು. ಬೆಳಿಗ್ಗೆ ಹಿರಿಯ ವಕೀಲರು ಒಂದು ಫೈಲು ಕೈಗೆ ಕೊಟ್ಟು "ಇವತ್ತು ನೀನೇ ನೋಡ್ಕೊಮ್ಮ" ಅನ್ನುತ್ತಾರೆ, ಮೆಟ್ಟಿಲು ಇಳಿಯುತ್ತಾ ಓದುತ್ತೇನೆ, ಕೆಳಗೆ ತಲುಪುವಷ್ಟರಲ್ಲಿ ನಾನು ಆ ಕೇಸಿನ ಪ್ರಾಸಿಕ್ಯೂಟರ್. ಬಿಟ್ಟುಬಿಡಬೇಕು ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ, ಉಪದೇಶ ಬರೆಯಬೇಡ.

ಬಾಗಿಲ ಕೇಸು ಮಾತ್ರ ಮೊದಲಿನಿಂದ ನನ್ನದೇ. ನಿನಗೆ ಅರ್ಧ ಹೇಳಿದ್ದೆ, ಪೂರ್ತಿ ಕೇಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬೆಂಕಿ ಬಿದ್ದಾಗ ಒಬ್ಬ ಕೆಲಸಗಾರ ಹಿಂಬಾಗಿಲಿನವರೆಗೆ ಓಡಿ ಬಂದಿದ್ದಾನೆ. ಅಲ್ಲೇ ಸತ್ತ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು ಎಂದು ನಾವು, ತೆಗೆದೇ ಇತ್ತು ಎಂದು ಮಾಲೀಕ. ಕೆಲಸಗಾರರು ಹಿಂದಿನಿಂದ ಬಟ್ಟೆ ಸಾಗಿಸುತ್ತಾರೆಂಬ ಅನುಮಾನದಿಂದ ಅವನು ಬೀಗ ಹಾಕಿಸುತ್ತಿದ್ದ. ಅದೂ ಒಂದು ಏರ್ಪಾಡೇ ಅಲ್ಲವೇ ಅಮ್ಮ, ಏನೂ ಕಳುವಾಗದಿರಲಿ ಎಂದು?

ಉಳಿದ ಕೆಲಸಗಾರರು ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ, ಅವರಿಗೆ ಏನೂ ನೆನಪಿಲ್ಲ. ನೆನಪಿರುವುದು ಒಬ್ಬಳಿಗೇ. ಅಲ್ಲಿ ಮೂಟೆ ಹೊರುತ್ತಿದ್ದ ಹೆಂಗಸು. ಬೆಂಕಿಯ ದಿನ ಹೊರಗಿದ್ದವಳು ಕಲ್ಲು ತೆಗೆದುಕೊಂಡು ಆ ಬೀಗವನ್ನು ಹೊಡೆದಿದ್ದಾಳೆ, ಒಡೆಯಲಿಲ್ಲ. ಈಗ ಎರಡು ಬಸ್ಸು, ಒಂದು ರೈಲು ದೂರದ ಉಪ್ಪಿನ ಗದ್ದೆಯಲ್ಲಿ ಕೂಲಿ. ಫೋನಿನಲ್ಲಿ, "ಬರ್ತೀನಮ್ಮಾ, ಯಾಕ್ ಬರಲ್ಲ? ಬಸ್ಸಿನ ಕಾಸು ಮುಂಚೆ ಕೈಗೆ ಬಂದ್ರೆ ಬಂದೇ ಬರ್ತೀನಿ. ಆಮೇಲೆ ಕೊಡ್ತೀವಿ ಅಂದ್ರೆ ಎಲ್ಲಿಂದ ತರ್ಲಿ?" ಎಂದಳು. ನಮ್ಮ ಕಚೇರಿ ಮುಂಗಡ ಕೊಡುತ್ತದೆ, ತೊಂದರೆಯಿಲ್ಲ. ಮಾರ್ಚ್ ೨೦ಕ್ಕೆ ಅವಳ ಸಾಕ್ಷ್ಯ. ಅದೇ ಕೊನೆಯ ಅವಕಾಶ ಎಂದು ನ್ಯಾಯಾಧೀಶರು ಬರೆಸಿಬಿಟ್ಟಿದ್ದಾರೆ. ಅವಳು ಬರದಿದ್ದರೆ ಮಾಲೀಕ ಬಿಡುಗಡೆ.

ನನ್ನ ಮನೆಯ ಬೀರು ಶುಚಿ ಮಾಡುವಾಗ ನನ್ನ ಶಾಲೆಯ ಕಾಗದಗಳು ಸಿಕ್ಕವು. ಅಂಕಪಟ್ಟಿ, ಪ್ರವಾಸದ ಒಪ್ಪಿಗೆ, ರಜೆಯ ಅರ್ಜಿ, ಎಲ್ಲದರಲ್ಲೂ ಅಜ್ಜಿಯ ಸಹಿ. ಆ ಸಹಿ ವರ್ಷದಿಂದ ವರ್ಷಕ್ಕೆ ನಡುಗುತ್ತಾ ಹೋಗಿದೆ.

ಮಂಡಿಗೆ ಎಣ್ಣೆ ಹಚ್ಚಿಕೊ.

ಮರಿ


ಫೆಬ್ರವರಿ ೧೭

ಮರಿ,

ನಿನ್ನ ಡ್ರಾಯರಿನ ಸಾಲನ್ನು ಓದಲಿಲ್ಲ.

ಉಪದೇಶ ಬರೆಯುವುದಿಲ್ಲ. ಇಲ್ಲಿನ ಒಂದು ಸಂಗತಿ ಬರೆಯುತ್ತೇನೆ.

ಖಜಾಂಚಿಯ ಕೋಣೆಯ ಹೊರಗೆ ಒಂದು ಬೆಂಚಿದೆ. ಸಾಕ್ಷಿ ಹೇಳಲು ಬಂದವರು ಬಸ್ಸಿನ ಖರ್ಚು, ಅಂದಿನ ಕೂಲಿಗೆ ಬದಲಿ ಹಣ ಪಡೆಯಲು ಅಲ್ಲಿ ಕೂರುತ್ತಾರೆ. ಮೇಲಿನ ಕಚೇರಿಯ ಮಂಜೂರಾತಿ ಬರಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಅವರು ಕಾಯಲಾರರು ಎಂದು ಖಜಾಂಚಿ ತಿಜೋರಿ ತೆಗೆದು ಒಂದು ಚೀಟಿಯ ಮೇಲೆ ಕೊಟ್ಟು ಕಳಿಸುತ್ತಾರೆ. ದೂರದವರಿಗೆ ಮುಂಗಡವಾಗಿ ಕಳಿಸುವುದೂ ಉಂಟು. ನಾನೂ ಜೊತೆಗಾರನೂ ಎಲ್ಲ ಚೀಟಿಗಳನ್ನು ತಾಳೆ ಹಾಕಿದೆವು. ಸರಿಯಾಗಿದೆ. ಕದ್ದಿಲ್ಲ. ನನಗೆ ಬಹಳ ಸಮಾಧಾನವಾಯಿತು. ಅವರ ಬಗ್ಗೆ ಒಳ್ಳೆಯದಾಗಿ ಬರೆಯಬೇಕೆಂದೂ ಅಂದುಕೊಂಡೆ.

ಮರುದಿನ ಬೆಂಚಿನಲ್ಲಿ ಸೈಕಲ್ ರಿಪೇರಿಯ ಮುದುಕನೊಬ್ಬ ಕೂತಿದ್ದ. ಮಧ್ಯಾಹ್ನವೂ ಅಲ್ಲೇ. ಸಂಜೆಯೂ ಅಲ್ಲೇ. ಕೇಳಿದೆ.

"ಹಿಂದಿನ ಸಲದ್ದೇ ಕೊಟ್ಟಿಲ್ಲಮ್ಮ. ನಾಳೆ ಬಾ ಅಂತಾರೆ. ನಾಳೆ ಬಂದ್ರೆ ಚಹಾಕ್ಕೆ ಹೋಗಿದಾರೆ ಅಂತಾರೆ. ಇವ್ರು ಕುಡಿಯೋ ಚಹಾಕ್ಕೆ ನನ್ ಸೈಕಲ್ ಅಂಗಡಿ ಮುಚ್ಚೋ ಹಾಗಾಯ್ತು."

ಖಜಾಂಚಿಯನ್ನು ಕೇಳಿದರೆ, "ಅವನಿಗೆ ಬಾಯಿ ಜಾಸ್ತಿ ಮೇಡಂ. ಸ್ವಲ್ಪ ಕೂತ್ಕೊಳ್ಳಲಿ, ಬಿಸಿ ಇಳೀಲಿ" ಎಂದರು.

ಆಗ ಮನಸ್ಸಿಗೆ ಸ್ಪಷ್ಟವಾಯಿತು. ಹಣ ಪಡೆಯುವವರು, ಇಡುವವರು, ಕೊಡುವವರು, ಬರೆದಿಡುವವರು ಎಲ್ಲ ಅವರೊಬ್ಬರೇ. ಹಿಡಿಸಿದವರಿಗೆ ಕೂಡಲೇ, ಹಿಡಿಸದವರಿಗೆ ನಾಳೆ. ಸರ್ಕಾರದ ಹಣ ಅವರ ಕೈಗೆ ಬಂದ ಕೂಡಲೇ ಅವರದೇ ದಾನವಾಗಿಬಿಡುತ್ತದೆ. ನಾಳೆ ಆ ಕುರ್ಚಿಗೆ ಬೇರೊಬ್ಬರು ಬಂದರೆ ಆ ಚೀಟಿಗಳ ಗತಿ ಏನು?

ಮಧ್ಯಂತರ ಟಿಪ್ಪಣಿಯಲ್ಲಿ ಒಂದು ವಾಕ್ಯ ಬರೆದು ಕಳಿಸಿದೆ. ಏರ್ಪಾಡು ಸರಿಯಾಗುವವರೆಗೆ, ಮುಂಚಿತ ಮಂಜೂರಾತಿ ಇಲ್ಲದೆ ಸಾಕ್ಷಿಗಳಿಗೆ ಮುಂಗಡ ನೀಡತಕ್ಕದ್ದಲ್ಲ.

ಖಜಾಂಚಿ ಓದಿ ಮಫ್ಲರ್ ಬಿಗಿ ಮಾಡಿಕೊಂಡರು. "ಬರ್ಕೊಳ್ಳಿ. ಆ ಬೆಂಚಲ್ಲಿ ಕೂತಿರೋರಿಗೆ ಮಾತ್ರ ನೀವೇ ಹೇಳ್ಬಿಡಿ. ನನ್ ಕೈಲಾಗಲ್ಲ."

ಹೇಳಿದೆ. ಮುದುಕ ಎದ್ದು ಹೋದ. ನನ್ನ ಕೆಲಸದಲ್ಲಿ ಸರಿಯಾದದ್ದನ್ನು ಬರೆದ ದಿನವೇ ಹೆಚ್ಚು ಆಯಾಸವಾಗುತ್ತದೆ. ಏಕೆಂದು ನಿವೃತ್ತಿಯ ಮೇಲೆ ಯೋಚಿಸಬೇಕು.

ಅಜ್ಜಿಯ ಸಹಿಯ ಬಗ್ಗೆ ಬರೆದದ್ದನ್ನು ಓದಿದೆ.

ಅಮ್ಮ


ಮಾರ್ಚ್ ೫

ಅಮ್ಮ,

ಇವತ್ತು ನಮ್ಮ ಕಚೇರಿಗೆ ಸುತ್ತೋಲೆ ಬಂತು. ಎಲ್ಲ ಸರ್ಕಾರಿ ವಕೀಲರ ಕಚೇರಿಗಳಿಗೂ ಬಂದಿದೆಯಂತೆ. ಹಿರಿಯ ವಕೀಲರು ಜೋರಾಗಿ ಓದಿದರು. "ಮುಂಗಡ ನೀಡತಕ್ಕದ್ದಲ್ಲ" ಎನ್ನುವಲ್ಲಿಗೆ ಬಂದಾಗ ನನಗೆ ಬರೆದವರ ಧ್ವನಿಯೇ ಕೇಳಿಸಿತು. "ಚಿಲಕ ಹಾಕದೆ ಹೊರಗೆ ಹೋಗತಕ್ಕದ್ದಲ್ಲ" ಎಂದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ನೋಡಿಕೊಂಡೇ ಬೆಳೆದವಳು ನಾನು. ನೀನು ಊರಲ್ಲಿಲ್ಲದಾಗ ಮನೆಯಲ್ಲಿ ನಿನ್ನ ಬದಲು ಇರುತ್ತಿದ್ದದ್ದು ಆ ಕಾಗದ.

ಉಪ್ಪಿನ ಗದ್ದೆಯವಳ ಮುಂಗಡಕ್ಕೆ ಮಂಜೂರಾತಿ ಕೇಳಿ ಬರೆದಿದ್ದೇವೆ. ಬರುವುದು ಏಪ್ರಿಲಿನಲ್ಲಿ. ಸಾಕ್ಷ್ಯ ೨೦ಕ್ಕೆ. ಅವಳಿಗೆ ಫೋನ್ ಮಾಡಿ, ಸಾಲ ತಂದು ಬಾ, ಆಮೇಲೆ ಕೊಡುತ್ತೇವೆ ಎಂದೆ. "ಆಮೇಲೆ ಅನ್ನೋದು ನಂಗೆ ಗೊತ್ತಮ್ಮ. ಕಾರ್ಖಾನೇಲೂ ಸಂಬಳ ಆಮೇಲೇನೇ ಇದ್ದಿದ್ದು" ಎಂದಳು.

ಹಿರಿಯ ವಕೀಲರು, "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೋತೀಯ? ನಿನ್ ಕೈಯಿಂದ ಟಿಕೆಟ್ ತೆಗೆಸಿ ಕೊಟ್ಬಿಡು. ಎಲ್ರೂ ಮಾಡೋದೇ" ಅನ್ನುತ್ತಾರೆ. ಸತ್ತವನ ಹೆಂಡತಿ ದಿನವೂ ಬಂದು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಾಳೆ. ಏನೂ ಕೇಳುವುದಿಲ್ಲ. ನಾನು ಇಳಿದು ಬಂದರೆ ಮುಖ ನೋಡಿ ಹೋಗುತ್ತಾಳೆ.

ನಾನೂ ನಿನ್ನನ್ನು ಏನನ್ನೂ ಕೇಳುತ್ತಿಲ್ಲ. ತಿಳಿದಿರಲಿ ಎಂದು ಬರೆದೆ.

ಮರಿ


ಮಾರ್ಚ್ ೯

ಮರಿ,

ನಾನು ಬರೆದದ್ದು ಒಂದು ಕಚೇರಿಗೆ. ಮೇಲಿನವರು ಅದನ್ನು ಎಲ್ಲರಿಗೂ ಹರಡಿದ್ದಾರೆ. ಹಾಗೆ ಆಗಬಹುದೆಂದು ನನಗೆ ಗೊತ್ತಿರಬೇಕಿತ್ತು. ಟಿಪ್ಪಣಿಗೆ ಒಂದು ವಿನಾಯಿತಿ ಸೇರಿಸಲು ಕೇಳಿದೆ. ಕೊನೆಯ ವರದಿಯಲ್ಲಿ ನೋಡೋಣ ಎಂದರು. ಕೊನೆಯ ವರದಿ ಮೇ ತಿಂಗಳಿಗೆ.

ಒಂದು ಮಾತು. ನಿನ್ನ ಕೈಯಿಂದ ಕೊಡಲೇಬೇಡ. ಸರ್ಕಾರಿ ವಕೀಲೆಯ ಕೈಯಿಂದ ಸಾಕ್ಷಿಯ ಕೈಗೆ ಒಂದು ಕಾಸು ಹೋದರೂ ಎದುರಿನವರು ಅದನ್ನು ಕೊಂಡ ಸಾಕ್ಷಿ ಅನ್ನುತ್ತಾರೆ. ಕಚೇರಿಯ ರಸೀದಿಯ ಮೇಲೇ ಕೊಡಬೇಕು ಎಂಬ ನಿಯಮ ಇರುವುದು ಅದಕ್ಕೇ.

ನಾನು ಕೊಡುತ್ತೇನೆ. ಈ ಕೇಸಿನಲ್ಲಿ ನಾನು ಯಾರೂ ಅಲ್ಲ. ಹಣ ನಿನ್ನ ಕೈ ಮುಟ್ಟುವುದಿಲ್ಲ. ನೇರವಾಗಿ ಅವಳಿಗೇ ಮನಿಯಾರ್ಡರ್ ಮಾಡುತ್ತೇನೆ. ಎರಡು ಬಸ್ಸು, ಒಂದು ರೈಲಿನ ದರ ವಿಚಾರಿಸಿದ್ದೇನೆ, ಅಷ್ಟೇ, ಹೆಚ್ಚು ಕಳಿಸುವುದಿಲ್ಲ. ಜೊತೆಗೆ ಎರಡು ಪ್ರತಿಯ ರಸೀದಿ. ಒಂದನ್ನು ಸಹಿ ಮಾಡಿ ನನಗೆ ಕಳಿಸಲಿ, ಎರಡನೆಯದು ಅವಳ ಹತ್ತಿರ ಇರಲಿ. ಲೆಕ್ಕ ಚೊಕ್ಕಟವಾಗಿರಬೇಕು.

ಅವಳ ವಿಳಾಸ ಕಳಿಸು. ಬೇಡ ಅನ್ನಬೇಡ.

ಅಮ್ಮ


ಮಾರ್ಚ್ ೧೨

ಅಮ್ಮ,

ವಿಳಾಸ ಈ ಕಾಗದದ ಹಿಂಬದಿಯಲ್ಲಿದೆ. ಬೇರೇನೂ ಬರೆಯುವುದಿಲ್ಲ, ಬರೆದರೆ ಬೇಡ ಅನ್ನುತ್ತೇನೆ.

ಮರಿ


ಮಾರ್ಚ್ ೨೩

ಅಮ್ಮ,

ಅವಳು ಬಂದಳು. ಹಿಂದಿನ ರಾತ್ರಿಯ ರೈಲಿನಲ್ಲೇ ಬಂದು, ಕೋರ್ಟಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ನಿಂತಿದ್ದಳು.

ಕಟಕಟೆಯಲ್ಲಿ ಎಷ್ಟು ಚೆನ್ನಾಗಿ ಹೇಳಿದಳು! ಬೀಗ ಎಷ್ಟು ದೊಡ್ಡದಿತ್ತು ಎಂದಿದ್ದಕ್ಕೆ ಮುಷ್ಟಿ ಹಿಡಿದು ತೋರಿಸಿದಳು. ಕಲ್ಲಿನಿಂದ ಹೊಡೆದದ್ದು, ಒಳಗಿನಿಂದ ಅವನು ಬಾಗಿಲು ಬಡಿದದ್ದು, ಬಡಿಯುವುದು ನಿಂತದ್ದು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಗೆದ್ದೆವು ಅಂದುಕೊಂಡೆ.

ಆಮೇಲೆ ಪಾಟೀ ಸವಾಲು. ಎದುರಿನ ವಕೀಲರು ಬಹಳ ಮೆತ್ತಗೆ ಮಾತಾಡುವವರು.

"ಬಹಳ ದೂರದಿಂದ ಬಂದಿದ್ದೀರಿ."

"ಹೂಂ ಸ್ವಾಮಿ. ಎರಡು ಬಸ್ಸು, ಒಂದು ರೈಲು."

"ಖರ್ಚು ಬಹಳ ಆಗಿರ್ಬೇಕು. ಯಾರು ಕೊಟ್ರು?"

"ಕಳಿಸಿಕೊಟ್ರು. ಲೆಕ್ಕ ಇದೆ ಸ್ವಾಮಿ, ಸುಮ್ನೆ ಅಲ್ಲ." ಸೆರಗಿನ ಗಂಟು ಬಿಚ್ಚಿ ರಸೀದಿಯ ಎರಡನೇ ಪ್ರತಿಯನ್ನು ತೆಗೆದು, ಸುಕ್ಕು ಸರಿಮಾಡಿ ಕೊಟ್ಟಳು. ಅವಳ ಬದುಕಿನಲ್ಲಿ ಯಾರೋ ಅವಳಿಗೆ ಕೊಟ್ಟ ಮೊದಲ ರಸೀದಿ ಇರಬೇಕು. ಅವಳ ಮುಖದ ಮೇಲೆ ಎಷ್ಟು ಹೆಮ್ಮೆ ಇತ್ತೆಂದರೆ ನನಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ.

ಅವರು ಓದಿದರು. "ಸಾಕ್ಷಿ ಹೇಳಲು ಬರುವ ಪ್ರಯಾಣದ ವೆಚ್ಚ." ಕೆಳಗೆ ನಿನ್ನ ಪೂರ್ತಿ ಹೆಸರು, ಹೆಸರಿನ ಕೆಳಗೆ ನಿನ್ನ ಹುದ್ದೆ. ಅಭ್ಯಾಸಬಲ. ಅವರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದವನ್ನು.

"ನಿಮ್ಮ ಮನೆತನದ ಹೆಸರೇ ಇದೆಯಲ್ಲ ತಂಗಿ. ಇವರು ನಿಮಗೆ ಏನಾಗಬೇಕು?"

"ನನ್ನ ತಾಯಿ" ಎಂದೆ.

ಕಟಕಟೆಯಲ್ಲಿದ್ದ ಅವಳೊಬ್ಬಳೇ ಖುಷಿಯಿಂದ, "ಹೌದಾ? ಅಮ್ಮಾವ್ರ ತಾಯೀನಾ? ನಾನು ಆಫೀಸಿನೋರು ಅಂದ್ಕೊಂಡಿದ್ದೆ!" ಎಂದಳು.

ನನ್ನನ್ನು ಕೇಸಿನಿಂದ ತೆಗೆದಿದ್ದಾರೆ. ವಿವರಣೆ ಕೇಳಿದ್ದಾರೆ. ಅವಳ ಸಾಕ್ಷ್ಯವನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಮುಂದಿನ ವಿಚಾರಣೆಯಲ್ಲಿ ನೋಡುತ್ತಾರೆ. ಮೆಟ್ಟಿಲ ಬುಡದಲ್ಲಿ ಸತ್ತವನ ಹೆಂಡತಿ ಇದ್ದಳು. ನಾನು ಇನ್ನೊಂದು ಕಡೆಯಿಂದ ಇಳಿದು ಹೋದೆ.

ನನ್ನ ಜೀವನದ ಕಾಗದಗಳಲ್ಲಿ ನಿನ್ನ ಸಹಿ ಮೊದಲ ಸಲ ಬಂದದ್ದು ಕೋರ್ಟಿನ ದಾಖಲೆಯಲ್ಲಿ, ಅಮ್ಮ.

ಮರಿ


ಏಪ್ರಿಲ್ ೪

ಮರಿ,

ನಿನ್ನ ಪತ್ರಕ್ಕೆ ಉತ್ತರ ಬರೆದು ಹರಿದೆ. ಮತ್ತೆ ಬರೆದು ಹರಿದೆ. ಈಗ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಮೇಲಧಿಕಾರಿಗೆ ನಾನೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನು ಮೂರು ತಿಂಗಳು ಸುಮ್ನಿರೋಕೆ ಆಗ್ಲಿಲ್ವಾ ನಿಮ್ಗೆ?" ಎಂದರು. ನೋಟಿಸು ಬರುತ್ತದೆ. ಬರಲಿ.

ವರದಿಯನ್ನು ಮಾತ್ರ ನಾನೇ ಮುಗಿಸುತ್ತಿದ್ದೇನೆ. ಅದರಲ್ಲಿ ಒಂದು ಕಂಡಿಕೆ ಹೀಗೆ: ಮುಂಗಡ ನಿಲ್ಲಿಸಿದ್ದರಿಂದ ಒಂದು ಪ್ರಕರಣದಲ್ಲಿ ಸಾಕ್ಷಿಯ ಪ್ರಯಾಣದ ವೆಚ್ಚವನ್ನು ಖಾಸಗಿ ವ್ಯಕ್ತಿಯೊಬ್ಬರು ಭರಿಸಿದ್ದಾರೆ, ಇದು ಗಂಭೀರ ಲೋಪ, ಆ ವ್ಯಕ್ತಿ ಈ ವರದಿಗೆ ಸಹಿ ಮಾಡಿದವರು. ಜೊತೆಗಾರ ಓದಿ, "ಮೇಡಂ, ತಮ್ಮ ಮೇಲೇ ಆಕ್ಷೇಪಣೆ ಬರ್ಕೊಂಡೋರನ್ನ ನಾನು ನೋಡಿರ್ಲಿಲ್ಲ" ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಬಿಸಿನೀರು ಕೊಟ್ಟ.

ಸಲಹೆಯನ್ನೂ ಬರೆದಿದ್ದೇನೆ. ಮುಂಗಡ ಇರಬೇಕು, ಅದೇ ದಿನ ಸಿಗಬೇಕು, ಆದರೆ ಕೊಡುವವರೊಬ್ಬರು, ಸಹಿ ಹಾಕುವವರು ಇನ್ನೊಬ್ಬರು. ಕೋರ್ಟಿಗೆ ಇಳಿಯದ ಒಬ್ಬರ ಕೈಯಲ್ಲಿ ಎರಡನೇ ಕೀಲಿ. ಇಷ್ಟು ಸಣ್ಣ ಮಾತು. ಫೆಬ್ರವರಿಯಲ್ಲೇ ಆ ವಾಕ್ಯದ ಪಕ್ಕದಲ್ಲಿ ಇದನ್ನೂ ಬರೆಯಬಹುದಿತ್ತು. ಬೇಡ ಅನ್ನುವುದನ್ನು ಮೊದಲು ಬರೆದು, ಬೇಕಾದದ್ದನ್ನು ಆಮೇಲೆ ಬರೆಯುವುದು ನಮ್ಮ ಇಲಾಖೆಯ ಪದ್ಧತಿ.

ಖಜಾಂಚಿಯನ್ನು ಹಳೆಯ ಫೈಲುಗಳ ಕೋಣೆಗೆ ವರ್ಗ ಮಾಡಿದರು. ಹೋಗುವಾಗ ಎರಡು ಕೀಲಿಗಳನ್ನೂ ನನ್ನ ಮೇಜಿನ ಮೇಲಿಟ್ಟು, "ಒಂದು ಅವರಿಗೆ ಕೊಡಿ, ಒಂದು ಇವರಿಗೆ ಕೊಡಿ. ಮೊಳೆ ನೀವೇ ಇಟ್ಕೊಳ್ಳಿ" ಎಂದರು.

ನೀನು ಬರೆದ ಕೊನೆಯ ಸಾಲನ್ನೂ ಓದಿದೆ.

ಅಮ್ಮ


ಏಪ್ರಿಲ್ ೨೧

ಅಮ್ಮ,

ನನ್ನ ಜಾಗಕ್ಕೆ ಬಂದ ವಕೀಲರು ನಿನ್ನನ್ನು ಸಾಕ್ಷಿಯಾಗಿ ಕರೆಸುತ್ತಿದ್ದಾರೆ. ಸಮನ್ಸ್ ಬರುತ್ತದೆ. ಅದು ಮುಗಿಯುವವರೆಗೆ ನಾವು ಮಾತಾಡಬಾರದು, ಬರೆಯಬಾರದು. ಬರೆದರೆ ಹೇಳಿಕೊಟ್ಟೆ ಅನ್ನುತ್ತಾರೆ.

ಕೋರ್ಟಿನ ಮುಂದೆ ಮೆಟ್ಟಿಲು ಜಾಸ್ತಿ ಇದೆ. ನಿಧಾನ ಹತ್ತು.

ಮರಿ


ಮೇ ೧೬

ಮರಿ,

ಈಗ ಬರೆಯಬಹುದು.

ನಿನ್ನೂರಿಗೆ ಬಂದು, ನಿನ್ನ ಮನೆಯ ಬೀದಿಯ ತಿರುವಿನಲ್ಲೇ ಬಸ್ಸು ಇಳಿದು, ಲಾಡ್ಜಿನಲ್ಲಿ ಉಳಿದೆ. ಬೆಳಿಗ್ಗೆ ಕೋರ್ಟಿನ ಮೊಗಸಾಲೆಯಲ್ಲಿ ಗೋಡೆ ಹಿಡಿದು ನಿಂತಿದ್ದೆ. ಬೆಂಚು ತುಂಬಿತ್ತು. ನೀನು ಫೈಲುಗಳನ್ನು ಅವುಚಿಕೊಂಡು ಎದುರಿನಿಂದ ಬಂದೆ. ನನ್ನ ಕಡೆ ನೋಡಲಿಲ್ಲ. ಎಷ್ಟು ಬಡವಾಗಿದ್ದೀಯ. ಸ್ವಲ್ಪ ಹೊತ್ತಿನ ಮೇಲೆ ನನ್ನ ಪಕ್ಕದಲ್ಲಿ ಒಂದು ಕುರ್ಚಿ ಇತ್ತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಪ್ರಮಾಣ ಮಾಡಿದ ಮೇಲೆ ಸುಳ್ಳು ಹೇಳಲು ನನಗೆ ಬರುತ್ತಿರಲಿಲ್ಲ.

ಎದುರಿನ ವಕೀಲರು ನೀನು ಬರೆದ ಹಾಗೆಯೇ ಮೆತ್ತಗೆ.

"ಇಷ್ಟು ವರ್ಷ ಬೇರೆಯವರ ಲೆಕ್ಕ ನೋಡಿದೋರು ನೀವು. ನೀವು ಮಾಡಿದ್ದು ಸರಿಯಾದ ಕ್ರಮವಾ?"

"ಅಲ್ಲ."

"ಬೇರೆ ಯಾರಾದ್ರೂ ಮಾಡಿದ್ರೆ ಏನು ಮಾಡ್ತಿದ್ರಿ?"

"ಆಕ್ಷೇಪಣೆ ಬರೀತಿದ್ದೆ. ಇದಕ್ಕೂ ಬರೆದಿದ್ದೀನಿ."

ನ್ಯಾಯಾಧೀಶರು ನನ್ನ ಹತ್ತಿರ ಇದ್ದ ಮೊದಲನೇ ಪ್ರತಿಯನ್ನೂ ಅವಳ ಎರಡನೇ ಪ್ರತಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಸ್ಸು ರೈಲಿನ ದರ ನೋಡಿದರು. "ಯಾಕೆ ಕೊಟ್ರಿ?" ಎಂದು ಅವರೇ ಕೇಳಿದರು.

"ಮುಂಗಡ ನಿಲ್ಲಿಸಿದ್ದು ನಾನು ಬರೆದ ವಾಕ್ಯ. ಅವಳು ಬರದೇ ಇದ್ದಿದ್ರೆ ಅದು ನನ್ನಿಂದ ಆಗ್ತಿತ್ತು" ಎಂದೆ.

ಇನ್ನೊಂದು ಕಾರಣವೂ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ಸಾಕ್ಷಿಗಳಿಗೆ ಕೊಡುವ ಬಸ್ಸಿನ ಖರ್ಚು ಕೇಳಲು ಕಿಟಕಿಗೆ ಹೋದೆ. ನಿಮ್ಮ ಕ್ಯಾಷಿಯರ್ ತಲೆ ಎತ್ತದೆಯೇ, "ಮಂಜೂರಾತಿ ಬರ್ಬೇಕಮ್ಮ. ಮುಂಚೆ ಕೂಡಲೇ ಕೊಡ್ತಿದ್ವಿ. ಯಾರೋ ಆಡಿಟ್‌ನೋರು ಏನೋ ಗೀಚಿ ಹೋಗಿದಾರೆ, ಈಗ ಎಲ್ಲಾ ತಲೆನೋವು" ಎಂದ.

"ಹೌದಂತೆ" ಎಂದೆ.

ವಿಳಾಸ ಬರೆದು ಕೊಟ್ಟು ಬಂದೆ.

ಅಮ್ಮ


ಆಗಸ್ಟ್ ೨೮

ಅಮ್ಮ,

ತೀರ್ಪು ಬಂತು. ಮಾಲೀಕನಿಗೆ ಶಿಕ್ಷೆಯಾಗಿದೆ.

ಬಾಗಿಲಿಗೆ ಬೀಗ ಹಾಕಿತ್ತು ಎನ್ನುವುದಕ್ಕೆ ಅವಳ ಮಾತನ್ನೇ ಆಧಾರವಾಗಿ ತೆಗೆದುಕೊಂಡಿದ್ದಾರೆ. ನಿನ್ನ ರಸೀದಿಯ ಬಗ್ಗೆ ಒಂದು ಇಡೀ ಪುಟ. ಪ್ರಯಾಣ ದರಕ್ಕಿಂತ ಹೆಚ್ಚು ಕೊಟ್ಟಿಲ್ಲ, ಬಚ್ಚಿಡುವ ಉದ್ದೇಶವಿದ್ದವರು ಎರಡು ಪ್ರತಿ ಮಾಡಿ ಒಂದನ್ನು ಸಾಕ್ಷಿಯ ಕೈಗೇ ಕೊಡುವುದಿಲ್ಲ ಎಂದಿದ್ದಾರೆ. ಅದಾದ ಮೇಲೆ, ತಾಯಿ ಮಗಳು ಇಬ್ಬರದೂ ತಿಳಿವಳಿಕೆಗೇಡಿ ನಡವಳಿಕೆ ಎಂದೂ ಬರೆದಿದ್ದಾರೆ. ನಮ್ಮಿಬ್ಬರನ್ನು ಒಂದೇ ವಾಕ್ಯದಲ್ಲಿ ಸೇರಿಸಿ ಬರೆದದ್ದನ್ನು ನಾನು ಮೊದಲ ಸಲ ಓದಿದೆ.

ಮೇಲ್ಮನವಿ ಹಾಕಿದ್ದಾರೆ. ಅದರಲ್ಲಿ ಮೊದಲ ಅಂಶ ನಿನ್ನ ರಸೀದಿ. ಇನ್ನೂ ಎಷ್ಟು ವರ್ಷವೋ.

ಸತ್ತವನ ಹೆಂಡತಿಗೆ ಮೆಟ್ಟಿಲ ಬುಡದಲ್ಲಿ ಹೇಳಿದೆ. "ಮುಗೀತಾ?" ಎಂದಳು. ಇಲ್ಲ ಎಂದೆ. "ಸರಿ" ಎಂದು ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ನನ್ನನ್ನು ನಕಲು ವಿಭಾಗದಲ್ಲಿ ಕೂರಿಸಿದ್ದಾರೆ. ಒಂದು ವರ್ಷ ಕೋರ್ಟಿಗೆ ನಿಲ್ಲುವ ಹಾಗಿಲ್ಲ. ಬಿಟ್ಟುಬಿಡಬೇಕೆಂದು ಇನ್ನೂ ಅನ್ನಿ‌ಸುತ್ತದೆ. ಬಿಟ್ಟಿಲ್ಲ. ನಮ್ಮ ಕಚೇರಿಯ ಎರಡನೇ ಕೀಲಿ ಈಗ ನನ್ನ ಹತ್ತಿರ ಇದೆ. ಕೋರ್ಟಿಗೆ ಇಳಿಯದ ಒಬ್ಬರ ಹತ್ತಿರ ಇರಬೇಕಂತೆ, ಹೊಸ ಸುತ್ತೋಲೆ. ಆ ವಾಕ್ಯ ಯಾರದೆಂದೂ ನನಗೆ ಗೊತ್ತಾಯಿತು.

ನಿವೃತ್ತಿಯ ದಿನ ಬರಲು ಆಗಲಿಲ್ಲ. ನೀನು ಕರೆಯಲೂ ಇಲ್ಲ.

ಮರಿ


ಅಕ್ಟೋಬರ್ ೧೧

ಮರಿ,

ಕರೆಯಲಿಲ್ಲ, ಏಕೆಂದರೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಂದು ಹಾರ, ಒಂದು ಗಡಿಯಾರ. ನೋಟಿಸಿನ ಕಾರಣ ಮೇಲಧಿಕಾರಿ ಭಾಷಣ ಚಿಕ್ಕದು ಮಾಡಿದರು, ಎಲ್ಲರಿಗೂ ಅನುಕೂಲವಾಯಿತು.

ಸಾಕ್ಷಿ ಭತ್ಯೆ ಇವತ್ತು ಬಂತು. ಮೇ ತಿಂಗಳದು. ಅಂಚೆಯವರು ತೋರಿಸಿದ ಕಡೆ ಸಹಿ ಮಾಡಿದೆ. ನನಗೊಂದು ಪ್ರತಿ ಕೊಡಿ ಎಂದರೆ, "ಅದೆಲ್ಲ ಯಾಕಮ್ಮ, ದುಡ್ಡು ಸಿಕ್ತಲ್ಲ" ಎಂದರು. ಇದನ್ನು ಯಾರಿಗೆ ಬರೆಯುವುದೆಂದು ಯೋಚಿಸುತ್ತಾ ಬಾಗಿಲಲ್ಲೇ ನಿಂತಿದ್ದೆ. ಬರೆಯುವುದು ಈಗ ನನ್ನ ಕೆಲಸವಲ್ಲ ಎಂದು ನೆನಪಾಗಲು ಹೊತ್ತು ಹಿಡಿಯಿತು.

ಆ ಹಣದಲ್ಲಿ ನಿನ್ನೂರಿಗೆ ಟಿಕೆಟ್ ತೆಗೆದಿದ್ದೇನೆ. ಶನಿವಾರ ಬೆಳಿಗ್ಗೆ ಬರುತ್ತೇನೆ. ಲಾಡ್ಜಿಗೆ ಹೇಳಿಲ್ಲ. ಮಾತು ವಾದಕ್ಕೆ ತಿರುಗಿದರೆ ಅಡುಗೆಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಕಾಗದ ಬರೆಯೋಣ.

ನಿನ್ನ ಮನೆಗೂ ಮೆಟ್ಟಿಲಿದೆ ಎಂದು ನೀನೇ ಯಾವಾಗಲೋ ಹೇಳಿದ್ದೆ. ಮೇಲೆ ಬಾಗಿಲ ಹತ್ತಿರ ಒಂದು ಕುರ್ಚಿ ಇಟ್ಟಿರು. ಯಾರು ಇಟ್ಟರು ಎಂದು ಈ ಸಲ ನಾನೇ ಕೇಳುತ್ತೇನೆ.

ನಿನ್ನ ಅಮ್ಮ